ಹಾಟ್‌ಸ್ಪಾಟ್ ಕೊಡುವ ಸುಳಿವು

2022ರ ಡಿಸೆಂಬರ್‌ನಲ್ಲಿ ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಮಾರುಕಟ್ಟೆಗೆ ಬಂತು. ಬೆಲೆ 999 ಡಾಲರ್. ಕೊಂಡವರಲ್ಲಿ ಕೆಲವರಿಗೆ ಬೇಗನೆ ಒಂದು ವಿಚಿತ್ರ ಕಂಡಿತು. ಚಿಪ್ಪಿನ ಸಾಮಾನ್ಯ ಉಷ್ಣತೆ ಹದವಾಗಿಯೇ ಇರುತ್ತಿತ್ತು, ಅದರ ಅತಿ ಬಿಸಿಯಾದ ಜಾಗ, ಅಂದರೆ ಹಾಟ್‌ಸ್ಪಾಟ್ ಮಾತ್ರ 110 ಡಿಗ್ರಿ ಮುಟ್ಟುತ್ತಿತ್ತು. ಫ್ಯಾನುಗಳು ಮೊರೆಯುತ್ತಿದ್ದವು, ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಜರ್ಮನಿಯ ಓವರ್‌ಕ್ಲಾಕರ್ ರೋಮನ್ ಹಾರ್ಟುಂಗ್ ಅಂಥ ಕಾರ್ಡುಗಳನ್ನು ಬಳಕೆದಾರರಿಂದಲೇ ತರಿಸಿಕೊಂಡು, ಅಡ್ಡ ಮಲಗಿಸಿ, ನೆಟ್ಟಗೆ ನಿಲ್ಲಿಸಿ ಅಳೆದರು. ಭಂಗಿ ಬದಲಾದರೆ ಬಿಸಿಯೂ ಬದಲಾಗುತ್ತಿತ್ತು.

ಕಾರಣ ಹೀಟ್‌ಸಿಂಕ್‌ನ ತಳದಲ್ಲಿತ್ತು. ಅಲ್ಲಿರುವ ವೇಪರ್ ಚೇಂಬರ್ ಅಂದರೆ ಗಾಳಿ ತೆಗೆದು ಮುಚ್ಚಿದ ತೆಳುವಾದ ಲೋಹದ ಡಬ್ಬಿ, ಒಳಗೆ ತುಸು ನೀರು. ಚಿಪ್ಪಿನ ಬಿಸಿಗೆ ನೀರು ಆವಿಯಾಗುತ್ತದೆ, ಆಚೆ ಬದಿಯ ತಂಪಿಗೆ ಮತ್ತೆ ನೀರಾಗುತ್ತದೆ, ಹಣತೆಯ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಒಳಗೋಡೆಯ ರಂಧ್ರದ ಪದರ ಅದನ್ನು ಚಿಪ್ಪಿನ ಬಳಿಗೆ ಮರಳಿ ಎಳೆದು ತರುತ್ತದೆ. ಒಂದಷ್ಟು ಕಾರ್ಡುಗಳಲ್ಲಿ ಆ ನೀರೇ ಸಾಲದಾಗಿತ್ತು ಎಂದು 2023ರ ಜನವರಿಯಲ್ಲಿ ಎಎಂಡಿ ಒಪ್ಪಿಕೊಂಡಿತು.

ಮನೆಯ ಕಂಪ್ಯೂಟರಿಗೂ ಈ ಪ್ರಕರಣದಿಂದ ಒಂದು ದಾರಿ ಸಿಗುತ್ತದೆ. ಕಾರ್ಡು ಬಿಸಿಯಾದಾಗ ಹೆಚ್ಚಿನವರು ಒಂದೇ ಅಂಕಿ ನೋಡಿ ಗಾಬರಿಯಾಗುತ್ತಾರೆ. ನೋಡಬೇಕಾದ್ದು ಎರಡು ಅಂಕಿಗಳ ನಡುವಿನ ಅಂತರ. ಜಿಪಿಯು-ಝಡ್, ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶಗಳು ಅನೇಕ ಕಾರ್ಡುಗಳಲ್ಲಿ ಸಾಮಾನ್ಯ ಉಷ್ಣತೆ, ಹಾಟ್‌ಸ್ಪಾಟ್ ಎರಡನ್ನೂ ತೋರಿಸುತ್ತವೆ. ಆಟ ಓಡುತ್ತಿರುವಾಗ ಅಂತರ ಹತ್ತು ಹದಿನೈದು ಡಿಗ್ರಿ ಇದ್ದರೆ ಚಿಂತೆಯಿಲ್ಲ. ಮೂವತ್ತು ದಾಟಿತೆಂದರೆ ಚಿಪ್ಪಿಗೂ ಹೀಟ್‌ಸಿಂಕ್‌ಗೂ ಎಲ್ಲೋ ಸಂಪರ್ಕ ತಪ್ಪಿರುವ ಸಾಧ್ಯತೆ ಹೆಚ್ಚು. ಎನ್ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಅಂಕಿಯನ್ನೇ ತೋರಿಸುವುದಿಲ್ಲ. ರೋಗ ಪತ್ತೆ ಮಾಡುವವರಿಗೆ ಇದು ನಿಜವಾದ ನಷ್ಟ.

ಎರಡು ಅಂಕಿಗಳೂ ಜೊತೆಜೊತೆಗೇ ಏರಿದರೆ ದೋಷ ಗಾಳಿಯದು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಅದೇ ಆಟವನ್ನು ಮತ್ತೆ ಓಡಿಸಿದರೆ ತಿಳಿಯುತ್ತದೆ. ಏಳೆಂಟು ಡಿಗ್ರಿ ಇಳಿದರೆ ಕಾರ್ಡು ನಿರಪರಾಧಿ, ಕ್ಯಾಬಿನೆಟ್ಟಿಗೆ ಉಸಿರಾಡಲು ಜಾಗವಿಲ್ಲ. ಇಳಿಯದಿದ್ದರೆ ಫ್ಯಾನು ಸರಿಯಾಗಿ ತಿರುಗುತ್ತಿದೆಯೇ, ಹೀಟ್‌ಸಿಂಕ್‌ನ ಪಟ್ಟಿಗಳ ನಡುವೆ ಧೂಳು ಕೂತಿದೆಯೇ ಎಂದು ನೋಡಬೇಕು. ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.

ಅಂತರ ದೊಡ್ಡದಾಗಿದ್ದರೆ ಮಾತ್ರ ಸ್ಕ್ರೂಡ್ರೈವರ್ ಎತ್ತಿಕೊಳ್ಳಬೇಕು, ಅದೂ ವಾರಂಟಿ ಪತ್ರ ಓದಿದ ಮೇಲೆ. ಚಿಪ್ಪಿಗೂ ಹೀಟ್‌ಸಿಂಕ್‌ಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ವರ್ಷಗಳಲ್ಲಿ ಒಣಗುತ್ತದೆ. ಬಿಸಿಯಾಗಿ ತಣಿಯುವ ಪ್ರತಿ ಸರದಿಗೂ ಚಿಪ್ಪಿನ ನಡುವಿನಿಂದ ಅಂಚಿಗೆ ಸರಿಯುತ್ತದೆ. ಹಳೆಯದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದು ಹಚ್ಚಿ, ಚಿಪ್ಪಿನ ಸುತ್ತಲ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅಷ್ಟರಲ್ಲಿ ಮುಗಿಯುವ ಕೆಲಸವನ್ನು ಕೆಡಿಸುವುದು ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡು. ಒಂದೂವರೆ ಮಿಲಿಮೀಟರ್ ಇದ್ದಲ್ಲಿ ಒಂದು ಮಿಲಿಮೀಟರಿನದು ಹಾಕಿದರೆ ಮೆಮೊರಿ ಹೀಟ್‌ಸಿಂಕ್‌ಗೆ ತಾಗುವುದೇ ಇಲ್ಲ. ಎರಡರದ್ದು ಹಾಕಿದರೆ ಹೀಟ್‌ಸಿಂಕೇ ಮೇಲೆದ್ದು ಮುಖ್ಯ ಚಿಪ್ಪು ಸುಡುತ್ತದೆ. ಅಳತೆ ಖಚಿತವಾಗುವ ತನಕ ಹಳೆಯ ಪ್ಯಾಡನ್ನು ಕೀಳದಿರುವುದೇ ಲೇಸು.

ಮೆಮೊರಿಯ ಬಿಸಿ ಎಷ್ಟು ಗಂಭೀರ ಎಂಬುದಕ್ಕೆ 2020ರ ಆರ್‌ಟಿಎಕ್ಸ್ 3090 ಸಾಕ್ಷಿ. ಅದರ 24 ಮೆಮೊರಿ ಚಿಪ್ಪುಗಳಲ್ಲಿ 12 ಬೋರ್ಡಿನ ಹಿಂಬದಿಯಲ್ಲಿದ್ದವು, ಫ್ಯಾನಿನ ಗಾಳಿ ನೇರವಾಗಿ ತಲುಪದ ಕಡೆ. 2022ರ 3090 ಟಿಐ ಕಾರ್ಡಿನಲ್ಲಿ ದುಪ್ಪಟ್ಟು ಸಾಮರ್ಥ್ಯದ 12 ಚಿಪ್ಪುಗಳನ್ನು ಬಳಸಿ ಎಲ್ಲವನ್ನೂ ಮುಂಬದಿಗೇ ತರಲಾಯಿತು.

ರಾಯಚೂರು, ಕಲಬುರಗಿಯ ಬೇಸಿಗೆಗೆ ಬೇರೆಯೇ ಲೆಕ್ಕ. ಕೋಣೆಯ ಉಷ್ಣತೆ 25ರಿಂದ 40ಕ್ಕೆ ಏರಿದರೆ, ಫ್ಯಾನಿನ ವೇಗ ಅಷ್ಟೇ ಇದ್ದಲ್ಲಿ ಕಾರ್ಡೂ ಸುಮಾರು ಹದಿನೈದು ಡಿಗ್ರಿ ಏರುತ್ತದೆ. ಅಲ್ಲಿ ಪೇಸ್ಟ್ ಬದಲಿಸಿ ಸುಖವಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಪವರ್ ಲಿಮಿಟನ್ನು ಶೇಕಡಾ 100ರಿಂದ 80ಕ್ಕೆ ಇಳಿಸಿದರೆ ಬಿಸಿ ಚೆನ್ನಾಗಿ ತಗ್ಗುತ್ತದೆ, ಆಟದ ವೇಗ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಕುಸಿಯುತ್ತದೆ.

ರಿಪೇರಿಯ ನಂತರ ಮೊದಲಿನ ಆಟವನ್ನೇ, ಅದೇ ಸೆಟ್ಟಿಂಗಿನಲ್ಲಿ ಅರ್ಧ ಗಂಟೆ ಓಡಿಸಿ ನೋಡಬೇಕು. ಕೋಣೆಯ ಉಷ್ಣತೆ, ಚಿಪ್ಪಿನದು, ಹಾಟ್‌ಸ್ಪಾಟಿನದು, ಜೊತೆಗೆ ಆ ದಿನದ ತಾರೀಕು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಅಂಟಿಸಿಟ್ಟರೆ, ಮುಂದಿನ ಬಾರಿ ಬಾಗಿಲು ತೆರೆದ ಕೂಡಲೇ ಹೋಲಿಕೆಗೆ ಅಂಕಿ ಸಿದ್ಧವಾಗಿರುತ್ತದೆ.