ತಳಿಯ ಪಟ್ಟಿ, ಗೇಟಿನ ಚಿಲಕ

ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ 2024ರ ಮಾರ್ಚ್ 12ರಂದು ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿ ಎನ್ನಿಸಿಕೊಂಡ 23 ತಳಿಗಳ ನಾಯಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಸಾಕಲು, ಮಾರಲು, ಮರಿ ಮಾಡಿಸಲು ಲೈಸೆನ್ಸ್ ಕೊಡಬಾರದು, ಈಗಾಗಲೇ ಮನೆಗಳಲ್ಲಿರುವಂಥವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರ. ಕರ್ನಾಟಕದಲ್ಲಿ ಆ ಸುತ್ತೋಲೆಯ ಆಯುಸ್ಸು ಒಂದು ತಿಂಗಳೂ ತುಂಬಲಿಲ್ಲ. ಬೆಂಗಳೂರಿನವರು ಸಲ್ಲಿಸಿದ ಅರ್ಜಿಯ ಮೇಲೆ ಹೈಕೋರ್ಟ್ ಮೊದಲು ಅದಕ್ಕೆ ತಡೆಯಾಜ್ಞೆ ನೀಡಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಅದನ್ನು ರದ್ದುಪಡಿಸಿತು. ಅಪಾಯಕಾರಿ ನಾಯಿಯ ಪ್ರಶ್ನೆಯನ್ನು ತಳಿಯ ಹೆಸರಿನಿಂದ ಬಗೆಹರಿಸಬಹುದೇ ಎಂಬುದನ್ನು ಅಳೆದು ನೋಡಲು ಈ ಸುತ್ತೋಲೆಗಿಂತ ಒಳ್ಳೆಯ ಪಠ್ಯ ಸಿಗಲಾರದು.

ಸುತ್ತೋಲೆ ಸುಮ್ಮನೆ ಹುಟ್ಟಿದ್ದಲ್ಲ. 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ವೃದ್ಧೆಯೊಬ್ಬರು ಮನೆಯಲ್ಲೇ ಸಾಕಿದ್ದ ಪಿಟ್‌ಬುಲ್ ಕಚ್ಚಿ ಸತ್ತರು. ಅದರ ಬೆನ್ನಿಗೆ ಬೇರೆ ಬೇರೆ ಊರುಗಳಿಂದ ಇಂಥದೇ ಸುದ್ದಿಗಳು ಬಂದವು. ಇಂಥ ತಳಿಗಳನ್ನು ನಿಷೇಧಿಸಬೇಕೆಂಬ ಮನವಿ ದೆಹಲಿ ಹೈಕೋರ್ಟಿನ ಮುಂದೆ ಹೋಯಿತು. ಮೂರು ತಿಂಗಳಲ್ಲಿ ನಿರ್ಧಾರ ತೆಗೆದುಕೊಳ್ಳಿ ಎಂದು ಆ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಸೂಚಿಸಿತು. ಸಮಿತಿ ಕೂತಿತು, ಪಟ್ಟಿ ಸಿದ್ಧವಾಯಿತು, ಸುತ್ತೋಲೆ ಹೊರಟಿತು. ಈ ಅವಸರದ ಗುರುತು ಪಟ್ಟಿಯ ಮೈಮೇಲೆಲ್ಲ ಇದೆ.

ಪಟ್ಟಿಯಲ್ಲಿ ‘ತೋಸಾ ಇನು’ ಒಂದು ಕಡೆ ಇದೆ. ಸ್ವಲ್ಪ ಕೆಳಗೆ ‘ಜಪಾನೀಸ್ ತೋಸಾ ಮತ್ತು ಅಕಿಟಾ’ ಎಂದು ಅದೇ ನಾಯಿ ಮತ್ತೆ ಬರುತ್ತದೆ. ಇನ್ನೊಂದು ಸಾಲಿನಲ್ಲಿ ‘ಟೆರಿಯರ್‌ಗಳು’ ಎಂದಷ್ಟೇ ಇದೆ. ಟೆರಿಯರ್ ಎಂಬುದು ಒಂದು ತಳಿಯ ಹೆಸರಲ್ಲ, ಹತ್ತಾರು ತಳಿಗಳ ಕುಲನಾಮ. ಮೂರು ಕಿಲೋ ತೂಗಿ ತೊಡೆಯ ಮೇಲೆ ಮಲಗುವ ಯಾರ್ಕ್‌ಶೈರ್ ಟೆರಿಯರ್ ಕೂಡ ಅದರೊಳಗೆ ಬರುತ್ತದೆ. ಟರ್ಕಿಯ ಕಾಂಗಲ್, ಬಾಲ್ಕನ್ ಬೆಟ್ಟಗಳ ಶಾರ್‌ಪ್ಲಾನಿನಾಕ್, ತೋರ್ನ್ಯಾಕ್ ಮೊದಲಾದ ಕುರಿಕಾವಲಿನ ನಾಯಿಗಳೂ ಅಲ್ಲಿವೆ. ಬೆಂಗಳೂರಿನ ಬೀದಿಯಲ್ಲಿ ಇವನ್ನು ಕಂಡವರು ವಿರಳ. ಇಷ್ಟಕ್ಕೂ ‘ಪೇಪರ್’, ಅಂದರೆ ತಳಿಯ ಪ್ರಮಾಣಪತ್ರ, ಇಲ್ಲದ ನಾಯಿಯ ತಳಿ ಯಾವುದೆಂದು ಗೇಟಿನ ಹೊರಗೆ ನಿಂತ ಪಾಲಿಕೆಯ ನೌಕರ ಹೇಗೆ ಹೇಳಬೇಕು? ಮಿಶ್ರತಳಿಯ ವಿಷಯದಲ್ಲಂತೂ ಅದು ಬರಿಗಣ್ಣಿನ ಊಹೆ. ಗುರುತಿಸಲಾಗದ್ದನ್ನು ನಿಷೇಧಿಸಿದರೆ ಅಧಿಕಾರ ಹೆಚ್ಚುತ್ತದೆಯೇ ಹೊರತು ಸುರಕ್ಷತೆ ಹೆಚ್ಚುವುದಿಲ್ಲ.

ಹೈಕೋರ್ಟಿನ ತೀರ್ಪು ನಿಂತಿರುವುದು ಕಾರ್ಯವಿಧಾನದ ಮೇಲೆ. ನಾಯಿ ಸಾಕುವವರು, ತಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳು, ಪ್ರಾಣಿದಯಾ ಸಂಘಟನೆಗಳು ಮುಂತಾದ ಸಂಬಂಧಪಟ್ಟವರ ಮಾತು ಕೇಳಿರಲಿಲ್ಲ. ಸಮಿತಿಯ ರಚನೆ ನಿಯಮದಂತೆ ಇರಲಿಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ ನಿಯಮಗಳಲ್ಲಿ ಇಲ್ಲದ ನಿರ್ಬಂಧವನ್ನು ಬರೀ ಸುತ್ತೋಲೆಯಿಂದ ಹೇರುವಂತಿರಲಿಲ್ಲ. ಎಲ್ಲರ ಮಾತು ಕೇಳಿ ಹೊಸದಾಗಿ ಕ್ರಮ ಕೈಗೊಳ್ಳುವ ದಾರಿಯನ್ನು ನ್ಯಾಯಾಲಯ ಕೇಂದ್ರಕ್ಕೆ ಮುಚ್ಚಲಿಲ್ಲ. ಕಾನೂನಿನ ಮಟ್ಟಿಗೆ ಈ ತೀರ್ಪು ಸರಿಯಾಗಿಯೇ ಇದೆ. ಆದರೆ ಅದು ಬಿದ್ದ ಗೋಡೆಯನ್ನು ತೆರವು ಮಾಡಿತು, ಹೊಸದನ್ನು ಕಟ್ಟುವುದು ಅದರ ಕೆಲಸವಾಗಿರಲಿಲ್ಲ. ತೀರ್ಪು ಬಂದ ಮರುತಿಂಗಳು, ಮೇ ಮೊದಲ ವಾರದಲ್ಲಿ, ಚೆನ್ನೈನ ನುಂಗಂಬಾಕ್ಕಂ ಪ್ರದೇಶದ ಪಾಲಿಕೆ ಉದ್ಯಾನದಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಹುಡುಗಿಯನ್ನು ತೀವ್ರವಾಗಿ ಗಾಯಗೊಳಿಸಿದವು. ರಾಟ್‌ವೀಲರ್ ಆ ಪಟ್ಟಿಯಲ್ಲಿದ್ದ ತಳಿಯೇ. ಆದರೆ ಅಲ್ಲಿ ತಪ್ಪಿದ್ದು ಅದಕ್ಕಿಂತ ಸರಳವಾದ ಒಂದು ಸಂಗತಿ: ಮಕ್ಕಳಿರುವ ಜಾಗದಲ್ಲಿ ನಾಯಿಗಳು ಯಾರ ಹಿಡಿತದಲ್ಲೂ ಇರಲಿಲ್ಲ.

ತಳಿ ನಿಷೇಧದ ಪ್ರಯೋಗವನ್ನು ಭಾರತಕ್ಕಿಂತ ಮೊದಲೇ ಮಾಡಿ ನೋಡಿದ ದೇಶಗಳಿವೆ. ಬ್ರಿಟನ್ 1991ರ ಕಾಯ್ದೆಯಲ್ಲಿ ಪಿಟ್‌ಬುಲ್ ಟೆರಿಯರ್, ಜಪಾನೀಸ್ ತೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರೆಸಿಲೀರೊ ಎಂಬ ನಾಲ್ಕನ್ನು ನಿಷೇಧಿಸಿತು. ಮೂರು ದಶಕ ಕಳೆದ ಮೇಲೆ ಎಕ್ಸ್‌ಎಲ್ ಬುಲ್ಲಿ ಎಂಬ ಹೊಸ ಬಗೆಯ ನಾಯಿಯಿಂದ ಸಾವುಗಳಾದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಅಪರಾಧವಾಯಿತು. ಒಂದು ಹೆಸರಿಗೆ ಬಾಗಿಲು ಹಾಕಿದರೆ ಸಾಕುವವರು ಇನ್ನೊಂದು ಹೆಸರಿನ ನಾಯಿಯನ್ನು ತಯಾರು ಮಾಡುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ. ನೆದರ್ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು, ಕಡಿತದ ಪ್ರಕರಣಗಳು ಕಡಿಮೆಯಾಗಲಿಲ್ಲವೆಂದು, 2008ರಲ್ಲಿ ಕೈಬಿಟ್ಟಿತು.

ಹಾಗೆಂದು ತಳಿಗೆ ಅರ್ಥವೇ ಇಲ್ಲವೆಂದಲ್ಲ. ‘ಸೈನ್ಸ್’ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಸಮೀಕ್ಷೆಯನ್ನೂ ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಯನ್ನೂ ಪರಿಶೀಲಿಸಿತು. ನಾಯಿ ನಾಯಿಯ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡ 9 ಮಾತ್ರ ಎಂದು ಅದು ಕಂಡುಕೊಂಡಿತು. ನಾಯಿ ಕಚ್ಚುತ್ತದೆಯೇ ಎಂದು ಮೊದಲೇ ಹೇಳಲು ತಳಿ ದುರ್ಬಲ ಆಧಾರ. ಕಚ್ಚಿದರೆ ಏನಾಗುತ್ತದೆ ಎಂದು ಹೇಳಲು ಮಾತ್ರ ನಾಯಿಯ ಗಾತ್ರ ಬಲವಾದ ಆಧಾರ. ಪೊಮೆರೇನಿಯನ್ ಕಚ್ಚಿದರೆ ಬ್ಯಾಂಡೇಜು, ಐವತ್ತು ಕಿಲೋ ತೂಗುವ ರಾಟ್‌ವೀಲರ್ ಕಚ್ಚಿದರೆ ಆಪರೇಷನ್ ಥಿಯೇಟರ್. ಸುತ್ತೋಲೆಯ ಹಿಂದಿನ ಆತಂಕದಲ್ಲಿ ನಿಜವಿರುವುದು ಇಷ್ಟರ ಮಟ್ಟಿಗೆ. ಆ ನಿಜಕ್ಕೆ ತಕ್ಕ ಮದ್ದು ದೊಡ್ಡ ನಾಯಿಗೆ ದೊಡ್ಡ ಹೊಣೆ. ಸುತ್ತೋಲೆ ಅದರ ಬದಲು ಹೆಸರುಗಳನ್ನು ಎಣಿಸಿತು.

ಹೊಣೆ ಶುರುವಾಗುವುದು ಮರಿ ಹುಟ್ಟುವ ಜಾಗದಲ್ಲಿ. ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ಹೊರಡಿಸಿದ ನಾಯಿ ತಳಿವರ್ಧನೆ ಮತ್ತು ಮಾರಾಟ ನಿಯಮಗಳು ಇದಕ್ಕೆಂದೇ ಇವೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ನಾಯಿಗೆ ಮೈಕ್ರೋಚಿಪ್ ಹಾಕಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು ಅವು ಹೇಳುತ್ತವೆ. ವ್ಯಾಪಾರದ ವಾಡಿಕೆಯಲ್ಲಿ ಇರುವ ಮಾತು ಮಾತ್ರ ‘ನಲವತ್ತೈದು ದಿನದ ಮರಿ’. ಎಂಟು ವಾರವೆಂದರೆ 56 ದಿನ. ಉಳಿದ ಹನ್ನೊಂದು ದಿನ ದೊಡ್ಡದಲ್ಲವೆಂದು ತೋರಬಹುದು. ಆದರೆ ಮರಿ ತನ್ನ ಹಲ್ಲಿನ ಬಲವನ್ನು ಕಲಿಯುವುದು ಆ ದಿನಗಳಲ್ಲೇ. ಒಡಹುಟ್ಟಿದ ಮರಿಯ ಕಿವಿಯನ್ನು ಜೋರಾಗಿ ಕಚ್ಚಿದರೆ ಅದು ಕಿರುಚಿ ಆಟ ನಿಲ್ಲಿಸುತ್ತದೆ, ತಾಯಿಯ ಮೇಲೆ ಹಲ್ಲು ಊರಿದರೆ ತಾಯಿ ಗದರಿಸಿ ಎದ್ದುಹೋಗುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟಾದರೆ ನೋವು ಎಂಬ ಅಳತೆ ಹೀಗೆ ಬಾಯಿಗೆ ಹತ್ತುತ್ತದೆ. ಬೇಗ ಬೇರ್ಪಟ್ಟ ಮರಿ ಈ ಪಾಠವನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬರುತ್ತದೆ. ಸುಮಾರು ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿಗೆ ಹೊಸ ಮುಖ, ಮಕ್ಕಳ ಓಡಾಟ, ಸ್ಕೂಟರಿನ ಸದ್ದು ಎಲ್ಲ ಪರಿಚಯವಾಗಬೇಕು. ಆಗ ಕತ್ತಲೆ ಶೆಡ್ಡಿನ ಪಂಜರದಲ್ಲಿ ಬೆಳೆದದ್ದು ಮುಂದೆ ಅಪರಿಚಿತವಾದದ್ದನ್ನೆಲ್ಲ ಹೆದರಿಕೆಯಿಂದಲೇ ನೋಡುತ್ತದೆ. ಎಷ್ಟೋ ಕಡಿತಗಳ ಮೂಲ ಆ ಹೆದರಿಕೆ.

ಸಾಕುವವರ ರುಚಿಯೂ ಈ ವ್ಯಾಪಾರವನ್ನು ನಡೆಸುತ್ತದೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ನಡೆದುಬಂದ ಪಗ್ ದೇಶದ ತುಂಬ ಪಗ್‌ಗಳಿಗೆ ಬೇಡಿಕೆ ತಂದಿತು. ಚಪ್ಪಟೆ ಮೂತಿಯಿಂದಾಗಿ ಉಸಿರಿಗೆ ಒದ್ದಾಡುವುದು ಆ ತಳಿಗೆ ಹುಟ್ಟುಶಾಪ. ಆಮೇಲೆ ಸೈಬೀರಿಯಾದ ಹಸ್ಕಿ ಫ್ಲ್ಯಾಟುಗಳಿಗೆ ಬಂತು, ಅದರ ಹಿಂದೆ ಕಾವಲಿಗಿಂತ ಗತ್ತಿಗಾಗಿ ಸಾಕುವ ದೈತ್ಯ ನಾಯಿಗಳು ಬಂದವು. ವಾಣಿಜ್ಯ ತಳಿವರ್ಧನೆಗಾಗಿ ನಾಯಿಗಳನ್ನು ಆಮದು ಮಾಡುವುದನ್ನು ಕೇಂದ್ರ 2016ರಲ್ಲೇ ನಿರ್ಬಂಧಿಸಿದ್ದರೂ ಇಲ್ಲಿ ಆಗಲೇ ಇದ್ದ ಜೋಡಿಗಳಿಂದ ‘ಕ್ರಾಸಿಂಗ್’ ನಡೆಯುತ್ತಲೇ ಇದೆ. ಹತ್ತಿರದ ಸಂಬಂಧದ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿದಾಗ ಸೊಂಟದ ಕೀಲಿನ ನೋವು, ಚರ್ಮರೋಗ, ಅಸ್ಥಿರ ಸ್ವಭಾವ ಒಟ್ಟಿಗೇ ಬರುತ್ತವೆ. ನಮ್ಮದೇ ನೆಲದ ತಳಿಯಾದರೆ ಸರಿಹೋಗುತ್ತದೆ ಎಂಬುದೂ ಅರ್ಧಸತ್ಯ. ಬಾಗಲಕೋಟೆ ಜಿಲ್ಲೆಯ ಮುಧೋಳ ಬೇಟೆನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಹೆಮ್ಮೆಯ ತಳಿ, ಯಾವ ನಿಷೇಧದ ಪಟ್ಟಿಯಲ್ಲೂ ಅದಿಲ್ಲ. ಆದರೆ ಅದು ಬಯಲಿನಲ್ಲಿ ಮೊಲದ ಬೆನ್ನಟ್ಟಿ ಓಡಲು ಹುಟ್ಟಿದ ಮೈ. ದಿನವಿಡೀ ಟೆರೇಸಿನ ಮೇಲೆ ಕಟ್ಟಿಹಾಕಿದರೆ ಅದೂ ಹಲ್ಲು ತೋರಿಸುತ್ತದೆ.

ಮರಿ ಕೊನೆಗೆ ಬಂದು ಸೇರುವುದು ಮನೆಗೆ. ಬಸವನಗುಡಿ ಸೀಮೆಯ ತ್ಯಾಗರಾಜನಗರದಂಥ ಹಳೆಯ ಬಡಾವಣೆಯಲ್ಲಿ ಆ ಮನೆ ಹೇಗಿರುತ್ತದೆ ಎಂಬುದು ಈ ಚರ್ಚೆಯಲ್ಲಿ ತಳಿಯಷ್ಟೇ ಮುಖ್ಯ. ಮೂವತ್ತು–ನಲವತ್ತರ ಸೈಟು, ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಕಾರು ನಿಲ್ಲಿಸಿ ಉಳಿದ ಮಾರುದ್ದದ ಸಂದಿಯಲ್ಲಿ ನಾಯಿ. ಗೇಟು ತೆರೆದರೆ ನೇರ ರಸ್ತೆ. ಬೆಳಗಾಗುವ ಮೊದಲೇ ಪೇಪರ್ ಹುಡುಗ, ಆಮೇಲೆ ಹಾಲು, ಹೂವು, ಮನೆಕೆಲಸದವರು, ಸಿಲಿಂಡರ್ ತರುವವರು, ಕೊರಿಯರ್‌ನವರು, ಮೇಲಿನ ಮನೆಯ ಮಕ್ಕಳು ಎಲ್ಲರೂ ಅದೇ ಗೇಟಿನಿಂದ ಬಂದುಹೋಗಬೇಕು. ಗೇಟಿನ ಚಿಲಕ ಹೆಚ್ಚಾಗಿ ಹೊರಗಿನಿಂದ ಕೈ ತೂರಿಸಿ ತೆಗೆಯುವಂಥದು. ಹಾಗೆ ತೂರಿದ ಕೈ ಸರಿಯಾಗಿ ನಾಯಿಯ ಮೂತಿಯ ಎತ್ತರದಲ್ಲಿರುತ್ತದೆ. ಅದರ ಪಕ್ಕದಲ್ಲೇ ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು. ಸಾಕಿದವರ ಹೊಣೆಯನ್ನು ಬಂದವರ ತಲೆಗೆ ಕಟ್ಟುವ ಇಂಥ ಬೋರ್ಡು ಓದಲು ಬಾರದ ಮಗುವಿಗೆ ಏನನ್ನೂ ಹೇಳುವುದಿಲ್ಲ. ಕಂಬಿಗಳ ಮೇಲೆ ಒಳಗಿನಿಂದ ಜಾಲರಿ ಹೊಡೆಸುವುದು, ಚಿಲಕಕ್ಕೆ ನಾಯಿಗೂ ಮಕ್ಕಳಿಗೂ ನಿಲುಕದ ಎತ್ತರದಲ್ಲಿ ಇನ್ನೊಂದು ಜೊತೆ ಕೂಡಿಸುವುದು, ಸಂದಿಗೂ ಗೇಟಿಗೂ ನಡುವೆ ಅಡ್ಡಬಾಗಿಲು ಇಡಿಸುವುದು ವೆಲ್ಡಿಂಗ್ ಅಂಗಡಿಯ ಒಂದು ದಿನದ ಕೆಲಸ.

ನಡಿಗೆಯದೂ ಇದೇ ಕಥೆ. ಚೈನು ಹಿಡಿದವರ ತೂಕ ನಾಯಿಯ ತೂಕಕ್ಕೆ ಸರಿದೂಗದಿದ್ದರೆ ಯಾರು ಯಾರನ್ನು ನಡೆಸುತ್ತಿದ್ದಾರೆಂದು ಹೇಳುವುದು ಕಷ್ಟ. ಶಾಲೆಯ ಹುಡುಗನ ಕೈಗೋ ಮನೆಕೆಲಸದವರ ಕೈಗೋ ದೊಡ್ಡ ನಾಯಿಯನ್ನು ಕೊಟ್ಟು ಕಳುಹಿಸುವುದು ಈ ಬೀದಿಗಳಲ್ಲಿ ಅಪರೂಪವಲ್ಲ. ಎದುರಿಗೆ ಬೀದಿನಾಯಿ ಬಂದ ಕ್ಷಣದಲ್ಲಿ ಚೈನು ಕೈಜಾರುವುದು ಹೀಗೆಯೇ. ಮಝಲ್ ಎಂದು ಕರೆಯುವ ಬಾಯಿಕುಕ್ಕೆಯನ್ನು ಶಿಕ್ಷೆಯೆಂದು ತಿಳಿದವರೇ ಹೆಚ್ಚು. ಮರಿಯಿದ್ದಾಗಲೇ ಅಭ್ಯಾಸ ಮಾಡಿಸಿದರೆ ನಾಯಿ ಅದನ್ನು ಬೆಲ್ಟಿನಂತೆಯೇ ಒಪ್ಪಿಕೊಳ್ಳುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆ ಇಲ್ಲಿ ಕೆಟ್ಟ ಮಾರ್ಗದರ್ಶಿ. ಬೊಗಳುವುದು, ಗುರ್ರೆನ್ನುವುದು ನಾಯಿ ಕೊಡುವ ನೋಟಿಸು. ಗುರ್ರೆಂದದ್ದಕ್ಕೆ ಹೊಡೆದರೆ ನಾಯಿ ಕೋಪ ಬಿಡುವುದಿಲ್ಲ, ನೋಟಿಸು ಕೊಡುವುದನ್ನು ಬಿಡುತ್ತದೆ. ‘ಇದ್ದಕ್ಕಿದ್ದಂತೆ ಕಚ್ಚಿತು’ ಎನ್ನಿಸಿಕೊಳ್ಳುವ ಎಷ್ಟೋ ನಾಯಿಗಳು ತಯಾರಾಗುವುದು ಹೀಗೆ.

ಕಚ್ಚಿದ ಮೇಲಿನ ಕಾನೂನು ತೆಳುವಾಗಿದೆ. ಪ್ರಾಣಿಯನ್ನು ಅಜಾಗರೂಕತೆಯಿಂದ ಇಟ್ಟುಕೊಂಡದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಹಳೆಯ ದಂಡಸಂಹಿತೆಯ 289ನೇ ಕಲಂನಲ್ಲಿ ದಂಡ 1,000 ರೂಪಾಯಿಗೆ ನಿಂತಿತ್ತು. ನಾಯಿಯನ್ನು ಹಿಂಸಿಸಿ ಕ್ರೂರವಾಗಿಸಿದವರ ಪಾಲಿಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮೊದಲ ಅಪರಾಧಕ್ಕೆ ಇಟ್ಟಿರುವ ದಂಡ 10ರಿಂದ 50 ರೂಪಾಯಿ. ಗಾಂಧಿಬಜಾರಿನಲ್ಲಿ ಅಷ್ಟಕ್ಕೆ ಒಂದು ದೋಸೆಯೂ ಬರುವುದಿಲ್ಲ.

ಗಾಯಕ್ಕೆ ಮಾತ್ರ ಈ ಭಾಗದಲ್ಲಿ ಒಳ್ಳೆಯ ಆಸರೆ ಇದೆ. ತ್ಯಾಗರಾಜನಗರಕ್ಕೆ ಹತ್ತಿರದ ವಿಶ್ವೇಶ್ವರಪುರದಲ್ಲಿರುವ ಕಿಮ್ಸ್ ಆಸ್ಪತ್ರೆಯ ರೇಬೀಸ್ ನಿರೋಧಕ ಚಿಕಿತ್ಸಾಲಯ ಬಹುಕಾಲದಿಂದ ಹೆಸರಾದದ್ದು. 2003ರ ರಾಷ್ಟ್ರೀಯ ರೇಬೀಸ್ ಸಮೀಕ್ಷೆಯ ಹಿಂದೆ ಅಲ್ಲಿನ ವೈದ್ಯರಿದ್ದರು. ದೇಶದಲ್ಲಿ ವರ್ಷಕ್ಕೆ ಸುಮಾರು 1.74 ಕೋಟಿ ಪ್ರಾಣಿಕಡಿತ, 20,000 ಸಾವು ಎಂದು ಆ ಸಮೀಕ್ಷೆ ಅಂದಾಜಿಸಿತ್ತು. ಸಾಕಿದ ನಾಯಿಯೇ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆಯಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಅದೇ ದಿನ, ನಂತರ 3, 7 ಮತ್ತು 28ನೇ ದಿನ ಹಾಕಿಸಬೇಕು. ರಕ್ತ ಬಂದ ಆಳವಾದ ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಎಂಬ ಮಾಲೀಕರ ಮಾತು ಚಿಕಿತ್ಸೆಗೆ ಬದಲಿಯಲ್ಲ, ತೋರಿಸಲು ಕಾರ್ಡೂ ಇರಬೇಕು. ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯ ಸಾಲಿಗೆ ಸೇರಿಸಿದೆ.

ಸ್ಥಳೀಯ ಆಡಳಿತವೂ ಪಟ್ಟಿಯ ದಾರಿಯನ್ನೇ ಹಿಡಿದು ನೋಡಿದೆ. 2018ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೊರಡಿಸಿದ ಸಾಕುನಾಯಿ ಲೈಸೆನ್ಸ್ ಉಪವಿಧಿಗಳು ಫ್ಲ್ಯಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಎಂಬ ಮಿತಿ ಹಾಕಿದವು. ಫ್ಲ್ಯಾಟಿನಲ್ಲಿ ಯಾವ ತಳಿಗಳನ್ನು ಸಾಕಬಹುದೆಂದೂ ಹೇಳಿದವು. ಪ್ರತಿಭಟನೆ ಎದ್ದ ಮೇಲೆ ಅವನ್ನು ಹಿಂದಕ್ಕೆ ಪಡೆಯಲಾಯಿತು. ಆ ಉಪವಿಧಿಗಳೂ ಕೇಂದ್ರದ ಸುತ್ತೋಲೆಯೂ ಎಡವಿದ್ದು ಒಂದೇ ಕಡೆ. ನಾಯಿಯ ಎಣಿಕೆಯನ್ನೂ ಹೆಸರನ್ನೂ ಅವು ಕೇಳಿದವು. ಅದನ್ನು ಹುಟ್ಟಿಸಿದವರು ಯಾರು, ಎಷ್ಟು ದಿನಕ್ಕೆ ಮಾರಿದರು, ಚೈನು ಯಾರ ಕೈಯಲ್ಲಿದೆ, ಚಿಲಕ ಎಲ್ಲಿದೆ ಎಂಬುದನ್ನು ಬಿಟ್ಟವು.

ಒಟ್ಟು ಲೆಕ್ಕದಲ್ಲಿ ಸುತ್ತೋಲೆಗೆ ಸಲ್ಲುವ ಶ್ರೇಯಸ್ಸು ಒಂದು: ಸಾಕುನಾಯಿಯ ದಾಳಿ ಮನೆಯೊಳಗಿನ ದುರದೃಷ್ಟವಲ್ಲ, ಸಾರ್ವಜನಿಕ ಸುರಕ್ಷತೆಯ ವಿಷಯ ಎಂದು ಅದು ಒಪ್ಪಿಕೊಂಡಿತು. ಅದರ ಸೋಲು, ಕೈಯಲ್ಲಿದ್ದ 2017ರ ನಿಯಮಗಳನ್ನು ನಡೆಸದೆ ಹೊಸ ನಿಷೇಧ ಬರೆದದ್ದು. ಮೈಕ್ರೋಚಿಪ್ ಇದ್ದರೆ ನಾಯಿಯಿಂದ ಮಾಲೀಕರಿಗೆ, ಮಾಲೀಕರಿಂದ ಮಾರಿದವರಿಗೆ ದಾರಿ ಸಿಗುತ್ತದೆ. ತೂಕಕ್ಕೆ ತಕ್ಕ ಲೈಸೆನ್ಸ್ ಶುಲ್ಕ, ಕಡ್ಡಾಯ ತರಬೇತಿ, ರಸ್ತೆಯಲ್ಲಿ ಬಾಯಿಕುಕ್ಕೆ, ಕಚ್ಚಿದರೆ ಚಿಕಿತ್ಸೆಯ ಪೂರ್ತಿ ಖರ್ಚು ಎಂಬ ಷರತ್ತುಗಳಿಗೆ ತಳಿಯ ಹೆಸರು ಬೇಕಾಗುವುದಿಲ್ಲ. ಅವುಗಳ ಪಾಲನೆಯನ್ನು ತ್ಯಾಗರಾಜನಗರದ ಯಾವುದೇ ಅಡ್ಡರಸ್ತೆಯಲ್ಲಿ ಗೇಟಿನ ಹೊರಗೇ ನಿಂತು ನೋಡಿ ತಿಳಿಯಬಹುದು.