ಓಲೆಯ ಒಡೆತನ, ಕೃತಿಯ ಹಕ್ಕು

ಮೂಡಬಿದಿರೆಯ ತಾಡವೋಲೆಗಳಿಂದ ಇಳಿದ ಪ್ರತಿಗಳನ್ನಾಧರಿಸಿ ವೀರಸೇನಾಚಾರ್ಯರ ಧವಲಾ ಟೀಕೆಯ ಮೊದಲ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾಯಿತು. ಮೂಲ ಓಲೆಗಳೊಡನೆ ಪಾಠಗಳನ್ನು ಹೋಲಿಸುವ ಅವಕಾಶ ದೊರೆತುದು ಅನಂತರ. ಪ್ರತಿಯ ಪ್ರತಿಯಲ್ಲಿ ಲಿಪಿಕಾರರ ಸ್ಖಲನಗಳು ಬೆಳೆಯುವುದು ಸಹಜ. ಅವನ್ನು ತಿದ್ದಲು ಮೂಲವೇ ಶರಣು.

ಆದುದರಿಂದ ಭಂಡಾರಗಳು ಕೃತಿಸ್ವಾಮ್ಯದ ಹೆಸರಿನಲ್ಲಿ ಪ್ರಾಚೀನ ಗ್ರಂಥಗಳ ಛಾಯಾಪ್ರತಿಯನ್ನು ನಿರಾಕರಿಸುವುದು ಯುಕ್ತವಲ್ಲ. 1957ರ ಕಾಯಿದೆಯಂತೆ ಈಗ ಆ ಹಕ್ಕು ಸಾಮಾನ್ಯವಾಗಿ ಕರ್ತೃವಿನ ಮರಣಾನಂತರ 60 ವರ್ಷಗಳವರೆಗೆ ಮಾತ್ರ. ಆಧುನಿಕ ಸಂಪಾದಕರ ಪೀಠಿಕೆ, ಅನುವಾದಗಳಿಗೆ ಅದು ಸಲ್ಲಬಹುದು. ಒಂಬತ್ತನೆಯ ಶತಮಾನದ ಟೀಕೆಗೆ ಸಲ್ಲದು. ಓಲೆಯ ಒಡೆತನ ಬೇರೆ, ಕೃತಿಯ ಹಕ್ಕು ಬೇರೆ.

ಯಂತ್ರದ ಗಾಜಿಗೆ ಒತ್ತಿದರೆ ಓಲೆ ಬಿರಿಯುವುದೆಂಬ ಆಕ್ಷೇಪವು ನ್ಯಾಯವಾದುದೇ. ಅದಕ್ಕೆ ಪರಿಹಾರ ಮೇಲಿನಿಂದ ತೆಗೆವ ಛಾಯಾಚಿತ್ರ, ನಿರಾಕರಣೆಯಲ್ಲ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವೇ ಇದಕ್ಕೆ ಪ್ರಮಾಣ.