ಉದಾಸೀನ ಯಾರದು?

ಬೆಂಗಳೂರಿನ ಮತದಾರ ಸೋಮಾರಿ, ರಜಾ ಸಿಕ್ಕರೆ ಮಜಾ ಮಾಡಲು ಹೊರಡುತ್ತಾನೆ ಅಂತ ಪ್ರತಿ ಚುನಾವಣೆಯ ಮಾರನೇ ದಿನ ಪೇಪರಿನವರು ಹಾಡುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರದಲ್ಲಿ ನೂರಕ್ಕೆ ಸುಮಾರು 54 ಜನ ಓಟು ಹಾಕಿದಾಗಲೂ ಇದೇ ಹಾಡು. ಉಳಿದವರೆಲ್ಲ ಸಾಚಾಗಳು ಅಂತ ನಾವೂ ಹೇಳುವುದಿಲ್ಲ. ಆದರೆ ಓಟು ಹಾಕಿಸಿಕೊಂಡವರು ಆ ಓಟನ್ನು ಏನು ಮಾಡಿದರು ಅಂತ ಯಾರಾದರೂ ಕೇಳಬೇಕಲ್ಲ.

ಯಶವಂತಪುರವನ್ನೇ ನೋಡಿ. ಎಸ್.ಟಿ. ಸೋಮಶೇಖರ್ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟು ಅನರ್ಹರಾದರು. ಅದೇ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಸಹಕಾರ ಮಂತ್ರಿಯಾದರು. 2023ರಲ್ಲಿ ಮತ್ತೆ ಬಿಜೆಪಿ. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಓಟು ಕಾಂಗ್ರೆಸ್ಸಿಗೆ. 2025ರ ಮೇನಲ್ಲಿ ಬಿಜೆಪಿಯಿಂದ 6 ವರ್ಷ ಉಚ್ಚಾಟನೆ. ಮೂರೂ ಸಲ ಎದುರು ನಿಂತು ಸೋತವರು ಜೆಡಿಎಸ್‌ನ ಅದೇ ಜವರಾಯಿಗೌಡರು. ಜಾತ್ಯತೀತತೆಯಿಂದ ಹಿಂದುತ್ವಕ್ಕೆ, ಅಲ್ಲಿಂದ ವಾಪಸು. ಇಷ್ಟು ದೂರ ನಡೆದರೂ ಕಾಲಿಗೆ ಧೂಳು ಹತ್ತಿಲ್ಲ!

ಹಾಗಂತ ಪಕ್ಷಾಂತರ ಕಂಡು ಬೇಸತ್ತ ಜನ ಮನೆಯಲ್ಲೇ ಕೂತರು ಎಂಬ ಸುಲಭದ ಮಾತನ್ನೂ ನಾವು ನಂಬುವುದಿಲ್ಲ. ಅದೇ ಡಿಸೆಂಬರ್ 5ರಂದು ಹೊಸಕೋಟೆಯಲ್ಲೂ ಚುನಾವಣೆ ಇತ್ತು. ಅಲ್ಲಿನ ಎಂ.ಟಿ.ಬಿ. ನಾಗರಾಜ್ ಕೂಡ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಬಂದವರೇ. ನೂರಕ್ಕೆ 90ಕ್ಕೂ ಮೇಲೆ ಜನ ಬಂದು ಓಟು ಹಾಕಿ ಅವರನ್ನು ಸೋಲಿಸಿದರು. ಪಕ್ಕದ ಕೆ.ಆರ್. ಪುರದಲ್ಲಿ ಅರ್ಧದಷ್ಟು ಜನವೂ ಬರಲಿಲ್ಲ, ಪಕ್ಷಾಂತರಿಯೇ ಗೆದ್ದರು. ಆದರೆ ಹೊಸಕೋಟೆಯ 90ರಲ್ಲಿ ಸಿದ್ಧಾಂತ ಹುಡುಕಬೇಡಿ, ಇದ್ದದ್ದು ಮನೆತನಗಳ ಹಳೇ ಜಿದ್ದು. ಗೆದ್ದ ಪಕ್ಷೇತರ ಶರತ್ ಬಚ್ಚೇಗೌಡರು ಆಮೇಲೆ ಕಾಂಗ್ರೆಸ್ ಸೇರಿದರು.

ನಮಗೆ ಹೆದರಿಕೆ ಹುಟ್ಟಿಸುವುದು ಓಟು ಹಾಕದವನ ಉದಾಸೀನವಲ್ಲ, ಹಾಕಿದವನದು. ಕೈಯಾದರೇನು ಕಮಲವಾದರೇನು, ಮೋರಿ ಮಾಡಿಸಿಕೊಟ್ಟರೆ ಸಾಕು ಅಂದುಕೊಂಡು ಕ್ಯೂ ನಿಲ್ಲುತ್ತಾನಲ್ಲ, ಅವನದು. ಅವನನ್ನು ಬೈದು ಫಲವಿಲ್ಲ, ಪಕ್ಷಗಳೇ ಕಲಿಸಿದ ಪಾಠ ಅದು.

ನಮ್ಮವರನ್ನೂ ಬಿಡುವಂತಿಲ್ಲ. ಆರ್.ಟಿ. ನಗರದ ಪಕ್ಕದ ಪುಲಿಕೇಶಿನಗರ ಮೀಸಲು ಕ್ಷೇತ್ರ. ಅಖಂಡ ಶ್ರೀನಿವಾಸಮೂರ್ತಿ 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್. 2023ರಲ್ಲಿ ಕಾಂಗ್ರೆಸ್ ಟಿಕೇಟು ತಪ್ಪಿದ ಮೇಲೆ ಬಿಎಸ್‌ಪಿಯ ಆನೆ ಗುರುತು. ಟಿಕೇಟು ಸಿಕ್ಕಿದ್ದರೆ ಆನೆ ನೆನಪಾಗುತ್ತಿತ್ತೇ? ಯಲಹಂಕವೂ 2008ರ ಮರುವಿಂಗಡಣೆಯ ತನಕ ಮೀಸಲಾಗಿತ್ತು, ಬಿ. ಬಸವಲಿಂಗಪ್ಪನವರು ಪ್ರತಿನಿಧಿಸಿದ ಕ್ಷೇತ್ರ. 1973ರಲ್ಲಿ ಬೂಸಾ ಎಂಬ ಒಂದು ಮಾತಿಗೆ ಅವರ ಮಂತ್ರಿಗಿರಿ ಹೋಯಿತು. ಆಗ ಬೀದಿಗಿಳಿದವರಿಗೆ, ಪರವೋ ವಿರೋಧವೋ, ತಾವು ಯಾವ ಕಡೆ ಎಂಬುದಾದರೂ ಗೊತ್ತಿತ್ತು.

ಇನ್ನು ಪಾಲಿಕೆ. ಅದರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ಐದು ವರ್ಷ ದಾಟುವ ತನಕ ಚುನಾವಣೆಯೇ ನಡೆಯಲಿಲ್ಲ. ಈ ಒಂದು ವಿಷಯದಲ್ಲಿ ಎರಡು ಪಕ್ಷಕ್ಕೂ ಒಂದೇ ಸಿದ್ಧಾಂತ. ಮತದಾರನಿಗೆ ಬುದ್ಧಿ ಹೇಳುವ ಸಂಪಾದಕರು ಅದಕ್ಕೆ ಯಾರ ಉದಾಸೀನ ಅಂತ ಹೆಸರಿಡುತ್ತಾರೋ ನೋಡೋಣ.